ನಾಟಕದಲ್ಲಿ ಹಾಡ್ತಾ ನಟಿಸುವವಳು ಆಗ್ಬೇಕಾದ್ರೆ ಎಂತ ಮಾಡ್ಬೇಕು

ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಮ್ಮ ತಾಲೀಮಿನ ಜಾಗಕ್ಕೆ ಯಾರಾದ್ರೂ ಒಬ್ಳು ಹೊಸ ಹುಡುಗಿ ಬರ್ತಾಳೆ, ಹೆಚ್ಚಾಗಿ ಜೊತೆಗೆ ಅಮ್ಮನೋ ಚಿಕ್ಕಮ್ಮನೋ ಇರ್ತಾರೆ. ಅವಳು ಕೇಳುದು ಒಂದೇ, ಅಕ್ಕಾ ನಂಗೆ ಹಾಡ್ಲಿಕ್ಕೆ ಬರ್ತದೆ, ಸ್ಟೇಜಿನ ಹೆದರಿಕೆ ಇಲ್ಲ, ನಾಟಕದಲ್ಲಿ ಹಾಡಿ ಆ್ಯಕ್ಟ್ ಮಾಡುವವಳು ಆಗ್ಬೇಕಾದ್ರೆ ಎಂತ ಮಾಡ್ಬೇಕು? ನಾನು 22 ವರ್ಷದಿಂದ ಉಡುಪಿ ಮಂಗಳೂರು ಬದಿಯ ಹವ್ಯಾಸಿ ತಂಡಗಳಲ್ಲಿ ಇದೇ ಕೆಲಸ ಮಾಡ್ತಾ ಬಂದವಳು, ಸ್ಪರ್ಧೆಗಳಲ್ಲಿ ಶ್ರೇಷ್ಠ ನಟಿ ಬಹುಮಾನವೂ ಸಿಕ್ಕಿದೆ, ಹಾಗಾಗಿ ಪ್ರತಿ ಸಲ ನಿಂತಲ್ಲೇ ಅರ್ಧಂಬರ್ಧ ಹೇಳುವ ಬದ್ಲು ಈ ಸಲ ಎಲ್ಲ ಬರೆದಿಡುವ ಅಂತ ಕೂತೆ. ಉದ್ದ ಆದ್ರೆ ಎರಡು ಸಲಕ್ಕೆ ಓದಿ.

ಒಳ್ಳೆ ಗಾಯಕಿ ಆಗಿದ್ದು ಒಳ್ಳೆ ನಟಿಯೂ ಆಗಿದ್ರೆ ಸಾಕು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಸಾಕಾಗುದಿಲ್ಲ. ಎಷ್ಟೋ ಹುಡುಗೀರನ್ನು ನೋಡಿದ್ದೇನೆ, ಮಾತು ಹೇಳುವಾಗ ಸಭೆಯನ್ನು ಅಳಿಸ್ತಾರೆ, ಹಾರ್ಮೋನಿಯಂ ಶುರುವಾದ ಕೂಡ್ಲೆ ಎರಡು ಹೆಜ್ಜೆ ಮುಂದೆ ಬಂದು ಭಜನೆಗೆ ನಿಂತ ಹಾಗೆ ನಿಲ್ತಾರೆ, ಚಂದ ಹಾಡ್ತಾರೆ, ಮುಗಿದ ಮೇಲೆ ಪುನಃ ಪಾತ್ರಕ್ಕೆ ವಾಪಸ್. ಆ ಮೂರು ನಿಮಿಷ ಪಾತ್ರ ಎಲ್ಲಿ ಹೋಗಿತ್ತು? ಹಾಡು ಬರುದೇ ಯಾಕೆ ಅಂದ್ರೆ ಆ ಹೆಂಗಸಿಗೆ ಇನ್ನು ಮಾತಲ್ಲಿ ಹೇಳಿ ಪೂರೈಸುದಿಲ್ಲ ಅಂತ ಆದಾಗ. ಅಂದ್ರೆ ಹಾಡುವಾಗ ಪಾತ್ರ ಇನ್ನೂ ಜಾಸ್ತಿ ಇರ್ಬೇಕು, ಕಮ್ಮಿ ಅಲ್ಲ. ನಾನು ಕೆಳಗೆ ಶ್ರುತಿ, ಉಸಿರು, ಗಂಟಲು ಅಂತ ಎಂತ ಹೇಳಿದ್ರೂ ಅದೆಲ್ಲ ಇದೊಂದಕ್ಕೋಸ್ಕರ.

ನಮ್ಮ ಊರಿನವರಿಗೆ ಇದು ಸ್ವಲ್ಪ ಹೆಚ್ಚೇ ಕಷ್ಟ, ಅದಕ್ಕೆ ಕಾರಣವೂ ಉಂಟು. ನಾವು ಚಿಕ್ಕಂದಿನಿಂದ ಆಟ ನೋಡಿ ಬೆಳೆದವರು. ಯಕ್ಷಗಾನದಲ್ಲಿ ಪದ್ಯ ಹೇಳುದು ಭಾಗವತರು, ಕುಣಿದು ಅರ್ಥ ಹೇಳುದು ವೇಷಧಾರಿ, ಎರಡು ಬೇರೆ ಬೇರೆ ಜನ. ದೇವಿಯ ವೇಷ ಸುಮ್ಮನೆ ನಿಂತಿದ್ರೂ ಹಿಂದಿನಿಂದ ಪದ್ಯ ಬರ್ತಾ ಇರ್ತದೆ, ನಮ್ಮ ಕಿವಿ ಕಣ್ಣು ಎರಡೂ ಅದಕ್ಕೆ ಒಗ್ಗಿಹೋಗಿದೆ. ನಾಟಕದಲ್ಲಿ ಆ ಭಾಗವತರೂ ನೀವೇ, ವೇಷವೂ ನೀವೇ. ಆದ್ರೆ ಇದೇ ಯಕ್ಷಗಾನ ನಮಗೆ ಒಂದು ದಾರಿಯನ್ನೂ ಕೊಟ್ಟಿದೆ, ತಾಳಮದ್ದಳೆ. ಅಲ್ಲಿ ವೇಷ ಇಲ್ಲ ಕುಣಿತ ಇಲ್ಲ, ಭಾಗವತರು ಒಂದು ಪದ್ಯ ಹೇಳ್ತಾರೆ, ಅರ್ಥಧಾರಿ, ಅಂದ್ರೆ ಪಾತ್ರವಾಗಿ ಕೂತು ಮಾತಾಡುವವರು, ಆ ನಾಲ್ಕು ಸಾಲಿಂದ ಒಂದಿಡೀ ಮನಸ್ಸನ್ನು ಹೊರಗೆ ತೆಗೀತಾರೆ. ನಾನು ಹಾಡು ಕಲಿಸುದು ಈ ಕ್ರಮದಲ್ಲಿ.

ಹಾಡು ಕೈಗೆ ಸಿಕ್ಕಿದ ದಿನ ರಾಗ ಕೇಳ್ಬೇಡಿ. ಟ್ಯೂನ್ ಕಳ್ಸಿ ಅಂತ ಮೆಸೇಜೂ ಹಾಕ್ಬೇಡಿ. ಮೊದ್ಲು ಒಂದೊಂದು ಸಾಲು ಓದಿ ಅದಕ್ಕೆ ನಿಮ್ಮದೇ ಮಾತಲ್ಲಿ ಅರ್ಥ ಹೇಳಿ, ಬಾಯಿ ಬಿಟ್ಟು ಜೋರಾಗಿ, ಪಾತ್ರ ಆಗಿ. ಉದಾಹರಣೆಗೆ ನಾನೇ ಒಂದು ಸಾಲು ಕಟ್ಟಿ ಹೇಳ್ತೇನೆ, "ದೋಣಿ ಬಂತು ದಡಕೆ, ಅವ ಬರಲಿಲ್ಲ". ಮಲ್ಪೆಯ ಒಬ್ಬ ಹೆಂಗಸು ಹಾಡುದು ಅಂತ ಇಟ್ಕೊಳ್ಳಿ. ಅವಳು ಇದನ್ನು ಯಾರಿಗೆ ಹೇಳುದು? ಅತ್ತೆಗೆ ಹೇಳುದಾದ್ರೆ ಅತ್ತೆ ಹೆದರ್ಬಾರ್ದು ಅಂತ ಸ್ವರ ತಗ್ಗಿಸ್ತಾಳೆ. ಅದೇ ದೋಣಿಯಲ್ಲಿ ವಾಪಸ್ ಬಂದ ಇನ್ನೊಬ್ಬನಿಗೆ ಹೇಳುದಾದ್ರೆ ಅದು ಪ್ರಶ್ನೆ, ನೀನು ಬಂದೆ ಅವ ಎಲ್ಲಿ ಅಂತ. ಸಮುದ್ರಕ್ಕೇ ಹೇಳುದಾದ್ರೆ ಅದು ಜಗಳ. ಮೂರರಲ್ಲೂ ಅಕ್ಷರ ಅದೇ, ಸ್ವರ ಅದೇ, ಆದ್ರೆ ಉಸಿರು ತಗೊಳ್ಳುವ ಜಾಗ ಬೇರೆ ಆಗ್ತದೆ. ಅತ್ತೆಗೆ ಹೇಳುವವಳು "ದಡಕೆ" ಆದ ಮೇಲೆ ನಿಲ್ತಾಳೆ, ಮುಂದೆ ಹೇಳ್ಬೇಕಾ ಬೇಡ್ವಾ ಅಂತ. ಜಗಳಕ್ಕೆ ನಿಂತವಳು ಒಂದೇ ಉಸಿರಲ್ಲಿ ಇಡೀ ಸಾಲು ಹೇಳಿ "ಇಲ್ಲ" ಅನ್ನುದನ್ನು ಒತ್ತಿ ಹಿಡೀತಾಳೆ. ಹೀಗೆ ಇಡೀ ಹಾಡಿಗೆ ಅರ್ಥ ಹೇಳಿ ಆದ ಮೇಲೆ ರಾಗಕ್ಕೆ ಬನ್ನಿ, ಆಗ ನೋಡಿ ಸಂಗತಿ, ಅಂದ್ರೆ ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ಹಾಡುದು, ಎಲ್ಲಿ ಹಾಕ್ಬೇಕು ಎಲ್ಲಿ ಸುಮ್ಮನೆ ನೇರ ಹಾಡ್ಬೇಕು ಅಂತ ನಿಮಗೇ ಗೊತ್ತಾಗ್ತದೆ. ಸಂಗೀತ ಕ್ಲಾಸಿಂದ ಬಂದ ಮಕ್ಕಳಿಗೆ ಇದು ಶುರುವಿಗೆ ಬೇಸರ ತರಿಸ್ತದೆ, ಕಲಿತ ಗಮಕವನ್ನೆಲ್ಲ ತೋರಿಸ್ಬೇಕು ಅಂತ ಆಸೆ ಇರ್ತದಲ್ಲ, ಆದ್ರೆ ಗಂಡ ಬರಲಿಲ್ಲ ಅಂತ ಅಳುವವಳು ಎಂಟು ಸುತ್ತು ಸ್ವರ ತಿರುಗಿಸ್ತಾ ನಿಲ್ಲುದಿಲ್ಲ.

ಹಾಗಂತ ಸಂಗೀತ ಕಲೀಬೇಡಿ ಅಂತ ಅಲ್ಲ, ಖಂಡಿತ ಕಲೀಬೇಕು. ಕರ್ನಾಟಕಿಯೋ ಹಿಂದೂಸ್ತಾನಿಯೋ ಯಾವುದಾದ್ರೂ ಒಂದನ್ನು ಗುರುಗಳ ಎದುರು ಕೂತು ಕಲಿಯಿರಿ, ಜೂನಿಯರ್ ಪರೀಕ್ಷೆಯ ಮಟ್ಟಕ್ಕಾದ್ರೂ ಹೋದ್ರೆ ಶ್ರುತಿ ತಾಳ ಎರಡೂ ಮೈಗೆ ಹತ್ತುತ್ತದೆ. ಯಕ್ಷಗಾನದ ವೃತ್ತಿಮೇಳದಲ್ಲಿ ಪದ್ಯ ಹೇಳಿದ ಮೊದಲ ಮಹಿಳಾ ಭಾಗವತರು ಲೀಲಾವತಿ ಬೈಪಾಡಿತ್ತಾಯರು, ಅವರೂ ಶಾಸ್ತ್ರೀಯ ಸಂಗೀತದ ತಳಹದಿ ಇದ್ದೇ ಭಾಗವತಿಕೆಗೆ ಬಂದವರು, ಗಂಡಸರೇ ತುಂಬಿದ್ದ ಮೇಳದಲ್ಲಿ ಚೆಂಡೆಯ ಎದುರು ಸ್ವರ ನಿಲ್ಲಿಸಿದವರು. ಅವರ ಹಳೆ ರೆಕಾರ್ಡಿಂಗ್ ಸಿಕ್ಕಿದ್ರೆ ಕೇಳಿ, ಅಕ್ಷರ ಎಷ್ಟು ಸ್ಪಷ್ಟ ಬೀಳ್ತದೆ ಅಂತ ಗಮನಿಸಿ.

ಈಗ ಶ್ರುತಿಯ ವಿಷಯ. ನಮ್ಮ ತಂಡಗಳಲ್ಲಿ ಹೆಣ್ಣುಮಕ್ಕಳ ಗಂಟಲು ಹಾಳಾಗುದು ಹೆಚ್ಚಾಗಿ ಇಲ್ಲೇ. ಹಾರ್ಮೋನಿಯಂನ ಬಿಳಿ ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುದಾದ್ರೆ ಹೆಂಗಸರಿಗೆ ಸಾಮಾನ್ಯವಾಗಿ ಬಿಳಿ ಐದರಿಂದ ಬಿಳಿ ಆರರ ಒಳಗೆ ಸರಿಯಾಗ್ತದೆ, ಗಂಡಸರಿಗೆ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಹೀಗೆ. ಹಾಡು ಕಟ್ಟುದು ಗಂಡಸರು, ಹಾರ್ಮೋನಿಯಂ ಹಿಡಿಯುದೂ ಗಂಡಸರು, ಮೇಳದ ಹಾಡು, ಅಂದ್ರೆ ಎಲ್ಲರೂ ಒಟ್ಟಿಗೆ ಹಾಡುದು, ಎಲ್ಲ ಅವರ ಶ್ರುತಿಯಲ್ಲೇ ಆಗ್ತದೆ, ನಾವು ಅದರಲ್ಲಿ ಮಂದ್ರಕ್ಕೆ ಹೋಗಿ ಗೊಣಗುದು ಇಲ್ಲಾಂದ್ರೆ ತಾರಕ್ಕೆ ಹೋಗಿ ಕಿರುಚುದು. ಮೊದಲ ವಾರವೇ ಹೇಳಿಬಿಡಿ, ಸರ್ ನನ್ನ ಒಂಟಿ ಹಾಡು ನನ್ನ ಶ್ರುತಿಗೆ ಬೇಕು ಅಂತ. ಇದು ಜಂಬ ಅಲ್ಲ. ಒಳ್ಳೆ ಸಂಗೀತ ನಿರ್ದೇಶಕರು ಅವರಾಗೇ ಕೇಳ್ತಾರೆ. ಮೇಳದ ಹಾಡಿಗೆ ಮಾತ್ರ ಎಲ್ಲರಿಗೂ ಸರಿಹೋಗುವ ಹಾಗೆ ನಡುವಿನದ್ದು ಒಂದು ಹುಡುಕ್ಬೇಕು, ಅಲ್ಲಿ ನಿಮಗೆ ಎಟುಕದ ಸಾಲನ್ನು ಬಿಟ್ಟು ಬೇರೆಯವರಿಗೆ ಕೊಟ್ರೂ ಅಡ್ಡಿಲ್ಲ.

ಮಾತಿಂದ ಹಾಡಿಗೆ ಹೋಗುವ ಆ ಜಾಗ ಉಂಟಲ್ಲ, ಅದನ್ನು ಬೇರೆಯೇ ಪ್ರಾಕ್ಟೀಸ್ ಮಾಡಿ. ನಾನು ಮಾಡುದು ಹೀಗೆ, ಹಾಡಿಗಿಂತ ಎರಡು ಮಾತು ಮೊದ್ಲೇ ಹಾರ್ಮೋನಿಯಂನವರು ಮೆಲ್ಲಗೆ ಷಡ್ಜ ಹಿಡಿಯುದು, ನಾನು ಕೊನೆಯ ಮಾತನ್ನು ಆ ಸ್ವರದ ಹತ್ತಿರ ಹತ್ತಿರ ಹೇಳ್ತಾ ಹೋಗುದು, ಆಗ ಹಾಡು ಯಾವಾಗ ಶುರುವಾಯ್ತು ಅಂತ ಸಭೆಗೆ ಗೊತ್ತೇ ಆಗುದಿಲ್ಲ. ಮುಗಿಸುವಾಗಲೂ ಹಾಗೆಯೇ, ಚಪ್ಪಾಳೆಗೆ ಕಾದು ನಿಲ್ಬೇಡಿ. ಹಿಂದೆ ಕಂಪನಿ ನಾಟಕಗಳ ಕಾಲದಲ್ಲಿ ಸಭೆಯಿಂದ ಒನ್ಸ್ ಮೋರ್ ಬಂದ್ರೆ ಪುನಃ ಹಾಡ್ಲೇಬೇಕಿತ್ತು, ಮೈಕ್ ಇಲ್ಲದೆ ಕೊನೆಯ ಸಾಲಿನ ವರೆಗೆ ಮುಟ್ಟಿಸ್ಬೇಕಿತ್ತು, ಅದು ಬೇರೆ ರೀತಿಯ ಬಲ, ಆ ಹೆಂಗಸರ ಬಗ್ಗೆ ನನಗೆ ಅಪಾರ ಗೌರವ ಉಂಟು. ಆರ್. ನಾಗರತ್ನಮ್ಮ 1958ರಲ್ಲಿ ಬರೀ ಹೆಂಗಸರದ್ದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ಭೀಮ, ರಾವಣನ ಪಾತ್ರ ಅವರೇ ಮಾಡಿದ್ರು, 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡ್ರು. ಹೆಣ್ಣು ಸ್ವರಕ್ಕೆ ಇಂಥದ್ದೇ ಪಾತ್ರ ಅಂತ ಯಾರಾದ್ರೂ ನಿಮಗೆ ಹೇಳಿದ್ರೆ ಅವರನ್ನು ನೆನಪು ಮಾಡ್ಕೊಳ್ಳಿ.

ಉಸಿರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಆದ್ರೆ ದಿನಾ ಬೇಕು. ಹೊಟ್ಟೆ ಪಕ್ಕೆಲುಬು ಅಗಲ ಆಗುವ ಹಾಗೆ ಉಸಿರು ತಗೊಂಡು ಸ್ ಅಂತ ನಿಧಾನ ಬಿಡುದು, ಇಪ್ಪತ್ತು ಸೆಕೆಂಡಿಂದ ಶುರು ಮಾಡಿ. ಆಮೇಲೆ ಒಂದು ಲೋಟ ನೀರಲ್ಲಿ ಸ್ಟ್ರಾ ಮುಳುಗಿಸಿ ಊ ಅಂತ ಸ್ವರ ಹಿಡಿದು ಗುಳ್ಳೆ ಬರಿಸಿ, ಮೆಲ್ಲಗೆ ಮೇಲೆ ಕೆಳಗೆ ಹೋಗಿ. ಮಕ್ಕಳಾಟದ ಹಾಗೆ ಕಾಣ್ತದೆ ಆದ್ರೆ ಸ್ಪೀಚ್ ಥೆರಪಿಯವರು ಕೂಡ ಇದನ್ನೇ ಕೊಡುದು, ಸ್ವರತಂತುವಿನ ಮೇಲೆ ಭಾರ ಬೀಳದೆ ಗಂಟಲು ಬಿಸಿ ಆಗ್ತದೆ. ಆಮೇಲೆ ಹಾಡನ್ನು ಕೆಲಸ ಮಾಡ್ತಾ ಹಾಡಿ, ಅಂಗಳ ಗುಡಿಸ್ತಾ, ಬಗ್ಗಿ ಬಟ್ಟೆ ಒಗೀತಾ, ಮೆಟ್ಟಿಲು ಹತ್ತಿ ಇಳೀತಾ. ಸ್ಟೇಜಲ್ಲಿ ಯಾರೂ ನಿಮ್ಮನ್ನು ಆರಾಮಲ್ಲಿ ನಿಲ್ಲಿಸಿ ಹಾಡಿಸುದಿಲ್ಲ, ಎಳೆದಾಡ್ತಾರೆ, ಮಂಡಿಯೂರಿ ಕೂರಿಸ್ತಾರೆ, ಯಾರನ್ನೋ ಎತ್ತಿ ಹಿಡ್ಕೊಂಡು ಹಾಡ್ಬೇಕಾಗ್ತದೆ. ಸೀರೆ ಕಚ್ಚೆ ಕಟ್ಟಿದ ದಿನ ಸೊಂಟ ಬಿಗಿ ಆಗಿ ಅರ್ಧ ಉಸಿರು ಹೋಗಿಬಿಡ್ತದೆ, ಆದ್ರಿಂದ ಕೊನೆಯ ಒಂದು ವಾರ ಪೂರ್ತಿ ಪಾತ್ರದ ಉಡುಪಲ್ಲೇ, ಮೂಗುತಿ ಸಮೇತ ಹಾಡಿ ಅಭ್ಯಾಸ ಮಾಡಿ.

ಗಂಟಲಿನ ವಿಷಯ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೇನೆ ಯಾಕಂದ್ರೆ ನಾನು ಅನುಭವಿಸಿದ್ದೇನೆ. ಒಂದು ವರ್ಷ ಸ್ಪರ್ಧೆಯ ಸೀಸನಿನಲ್ಲಿ ಸ್ವರ ಕಟ್ಟಿಕೊಂಡಿತ್ತು, ನಿರ್ದೇಶಕರು ಬಿಸಿನೀರು ಕುಡಿ ಸರಿಯಾಗ್ತದೆ ಅಂದ್ರು, ನಾನೂ ಒಪ್ಪಿ ಒಂದೂವರೆ ತಿಂಗಳು ಹಾಗೇ ಒತ್ತಿ ಒತ್ತಿ ಹಾಡಿದೆ, ಕೊನೆಗೆ ಮಾತಾಡ್ಲಿಕ್ಕೂ ಸ್ವರ ಇಲ್ಲ. ಗಂಟಲಿಗೆ ಕ್ಯಾಮರಾ ಹಾಕಿ ನೋಡಿದ್ರೆ ಸ್ವರತಂತುವಿನಲ್ಲಿ ಸಣ್ಣ ಗಂಟು. ಆಪರೇಷನ್ ಬೇಡ ಆಯ್ತು, ಪುಣ್ಯಕ್ಕೆ, ಆದ್ರೆ ಮೂರು ತಿಂಗಳು ಥೆರಪಿ, ಆ ವರ್ಷದ ಎರಡು ನಾಟಕ ಕೈತಪ್ಪಿ ಹೋಯ್ತು, ಅಮ್ಮನ ಹತ್ರ ಚೀಟಿಯಲ್ಲಿ ಬರೆದು ಮಾತಾಡಿದ್ದು ಈಗಲೂ ನೆನಪಾಗ್ತದೆ. ಸ್ವರ ಒಡೆದದ್ದು ಎರಡು ಮೂರು ವಾರ ಕಳೆದ್ರೂ ಸರಿಯಾಗದಿದ್ರೆ ಸೀದಾ ಇ.ಎನ್.ಟಿ. ಡಾಕ್ಟ್ರ ಹತ್ರ ಹೋಗಿ. ಮಂಗಳೂರು ಮಣಿಪಾಲದಲ್ಲಿ ವಾಕ್ ಶ್ರವಣ ಕಲಿಸುವ ಕಾಲೇಜುಗಳೇ ಇದ್ದಾವೆ, ಸ್ವರದ ಥೆರಪಿ ನಮ್ಮ ಊರಲ್ಲೇ ಸಿಗ್ತದೆ, ಎಲ್ಲ ಊರಿನವರಿಗೂ ಈ ಅನುಕೂಲ ಇಲ್ಲ. ಜೂಲಿ ಆ್ಯಂಡ್ರ್ಯೂಸ್ ಅಂತ ಇಂಗ್ಲಿಷ್ ಸಂಗೀತ ನಾಟಕಗಳ ದೊಡ್ಡ ನಟಿ, ಹುಡುಗಿಯಾಗಿದ್ದಾಗಿಂದ ಹಾಡಿದವರು, 1997ರಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಅವರ ಹಾಡುವ ಸ್ವರ ವಾಪಸ್ ಬರಲೇ ಇಲ್ಲ. ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಲ್ಲಿ ವಾರಕ್ಕೆ ಎಂಟು ಶೋ ಇರ್ತದೆ, ಆದ್ರೆ ಅಲ್ಲಿ ಮುಖ್ಯ ಪಾತ್ರಕ್ಕೆ ಬದಲಿಗೆ ಹಾಡುವವರು ರೆಡಿ ಇರ್ತಾರೆ. ನಮ್ಮಲ್ಲಿ ಹಾಗೆ ಇಲ್ಲ, ಜ್ವರ ಬಂದ್ರೂ ನೀವೇ ಹೋಗ್ಬೇಕು. ಅದಕ್ಕೇ ನಾನು ಹೇಳುದು, ಪ್ರತಿ ತಂಡವೂ ಒಬ್ಬ ಚಿಕ್ಕ ಹುಡುಗಿಗೆ ಆ ಹಾಡುಗಳನ್ನು ಕಲಿಸಿ ಇಡ್ಬೇಕು, ಅವಳಿಗೂ ಪಾಠ ಆಗ್ತದೆ.

ದಿನನಿತ್ಯದ್ದು ಹೇಳುದಾದ್ರೆ, ನೀರು ಹಾಡುವ ಹೊತ್ತಿಗೆ ಕುಡಿದ್ರೆ ಪ್ರಯೋಜನ ಇಲ್ಲ, ಬೆಳಿಗ್ಗಿಂದಲೇ ಕುಡೀತಾ ಇರ್ಬೇಕು, ನಮ್ಮ ಸೆಖೆಗೆ ಬಣ್ಣ ಹಚ್ಚಿ ಲೈಟಿನ ಕೆಳಗೆ ನಿಂತ್ರೆ ನೀರೆಲ್ಲ ಬೆವರಾಗಿ ಹೋಗ್ತದೆ. ಪದೇ ಪದೇ ಗಂಟಲು ಕೆರೀಬೇಡಿ, ಒಂದು ಗುಟುಕು ನೀರು ನುಂಗಿ. ಸ್ವರ ಸುಸ್ತಾದಾಗ ಪಿಸುಗುಟ್ಟುದು ಕೂಡ ಒಳ್ಳೆದಲ್ಲ, ಸುಮ್ಮನಿರುದೇ ಒಳ್ಳೆದು. ಶೋ ದಿನ ಸಂಜೆ ಗ್ರೀನ್ ರೂಮಿಗೆ ಗೋಳಿಬಜೆ ಚಾ ಬರ್ತದೆ, ಎಲ್ಲರೂ ತಿಂತಾರೆ, ನೀವು ತಿನ್ಬೇಡಿ, ಎಣ್ಣೆದ್ದು ತಿಂದು ಹೊಟ್ಟೆಯ ಹುಳಿ ಮೇಲೆ ಬಂದ್ರೆ ಅದು ಗಂಟಲನ್ನೇ ಸುಡುದು. ಮೂರು ಗಂಟೆ ಮೊದ್ಲು ಗಂಜಿ ಚಟ್ನಿ ಊಟ ಮಾಡಿ, ಬೇಕಾದ್ರೆ ಆಮೇಲೆ ಒಂದು ಬಾಳೆಹಣ್ಣು. ಮತ್ತೆ ನಾಟಕ ಮುಗಿದ ಮೇಲೆ ಬಸ್ಸಲ್ಲಿ ಇಂಜಿನ್ ಸದ್ದಿನ ಮೇಲೆ ಬೊಬ್ಬೆ ಹಾಕಿ ಮಾತಾಡುದು ಉಂಟಲ್ಲ, ಖುಷಿ ಆಗ್ತದೆ ಗೊತ್ತುಂಟು, ಆದ್ರೆ ಶೋಗಿಂತ ಜಾಸ್ತಿ ಗಂಟಲು ಹಾಳಾಗುದು ಅಲ್ಲಿ.

ಮೈಕ್ ಬಗ್ಗೆ ಸ್ವಲ್ಪ. ಹಾಲ್ ಬದಲಾದ್ರೆ ಹಾಡೇ ಬದಲಾಗ್ತದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಹಾಡಿದ ಹಾಗೆ ಮಂಗಳೂರಿನ ಟೌನ್‌ಹಾಲಲ್ಲಿ ಹಾಡ್ಲಿಕ್ಕೆ ಆಗುದಿಲ್ಲ, ದೇವಸ್ಥಾನದ ಎದುರಿನ ಬಯಲಿಗೆ ಬಂದ್ರೆ ಗಾಳಿಗೆ ಸ್ವರ ಎಲ್ಲೋ ಹೋಗ್ತದೆ. ಬೇಗ ಹೋಗಿ ಖಾಲಿ ಹಾಲಲ್ಲಿ ನಿಮ್ಮ ಅತಿ ಮೆಲ್ಲಗಿನ ಸಾಲು ಮತ್ತೆ ಅತಿ ಜೋರಿನ ಸಾಲು ಎರಡನ್ನೂ ಹಾಡಿ ನೋಡಿ, ಕೊನೆಯ ಸಾಲಲ್ಲಿ ಒಬ್ಬರನ್ನು ಕೂರಿಸಿ ಅಕ್ಷರ ಕೇಳ್ತದಾ ಅಂತ ಕೇಳಿ. ಸೌಂಡಿನವರ ಹೆಸರು ಕೇಳಿ, ಅಣ್ಣಾ ಅಂತ ಕರೆದು ಎರಡು ಮಾತಾಡಿ, ನಿಮ್ಮ ಹಾಡು ಎಲ್ಲಿ ಬರ್ತದೆ ಅಂತ ಅವರಿಗೆ ಗೊತ್ತಿರ್ಬೇಕು. ಈಗ ಕೆಲವು ದೊಡ್ಡ ಸೆಟ್ಟಿನ ನಾಟಕಗಳಲ್ಲಿ ಹಾಡು ಮಾತು ಎಲ್ಲ ಮೊದ್ಲೇ ರೆಕಾರ್ಡ್ ಮಾಡಿ ತುಟಿ ಆಡಿಸುದು ಉಂಟು, ಅದರಲ್ಲೂ ಕೆಲಸ ಸಿಕ್ಕಿದ್ರೆ ಮಾಡಿ, ರೆಕಾರ್ಡಿಂಗ್ ಅನುಭವ ಆಗ್ತದೆ, ಆದ್ರೆ ಕಲಿಯುವ ವಯಸ್ಸಲ್ಲಿ ಬರೀ ಅದನ್ನೇ ಮಾಡ್ಬೇಡಿ. ಎದುರಿಗೆ ಹಾರ್ಮೋನಿಯಂ ತಬಲ ಇಟ್ಟು ಹಾಡಿದ್ರೆ ಮಾತ್ರ ಆ ದಿನದ ಸಭೆಗೆ ಆ ದಿನದ ಹಾಡು ಹುಟ್ಟುದು.

ಎಲ್ಲಿ ಕಲಿಯುದು ಅಂತ ಅಮ್ಮಂದಿರು ಕೇಳ್ತಾರೆ. ಘಟ್ಟ ಹತ್ತಿದ್ರೆ ಸಾಗರದ ಹತ್ರ ಹೆಗ್ಗೋಡು, ಅಲ್ಲಿ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ಉಂಟು, ಅಲ್ಲೇ ಉಳಿದು ಒಂದು ವರ್ಷ ಕಲಿಯುವ ಕೋರ್ಸ್, ಆಮೇಲೆ ಅವರದ್ದೇ ತಿರುಗಾಟ ಅನ್ನುವ ತಂಡಕ್ಕೆ ಆಯ್ಕೆ ಆದ್ರೆ ಊರೂರು ಸುತ್ತಿ ದಿನಾ ಸ್ಟೇಜ್ ಸಿಗ್ತದೆ, ಇಷ್ಟು ಒಳ್ಳೆ ಪಾಠ ಬೇರೆ ಎಲ್ಲೂ ಇಲ್ಲ ಅಂತ ನನ್ನ ಅಭಿಪ್ರಾಯ. ಮೈಸೂರಿನಲ್ಲಿ ರಂಗಾಯಣ, ಬೆಂಗಳೂರಿನಲ್ಲಿ ಎನ್.ಎಸ್.ಡಿ. ಅಂದ್ರೆ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ, ದಿಲ್ಲಿಯ ಎನ್.ಎಸ್.ಡಿ.ಯಲ್ಲಿ ಮೂರು ವರ್ಷ. ಈ ರಂಗಾಯಣ 1989ರಲ್ಲಿ ಕಟ್ಟಿದ್ದು ಯಾರು? ನಮ್ಮ ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರು. ಹುಡುಗನಾಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿ, ಕಾಶಿಗೆ ಹೋಗಿ ಓಂಕಾರನಾಥ ಠಾಕೂರರ ಹತ್ರ ಹಿಂದೂಸ್ತಾನಿ ಕಲಿತು, ಕೊನೆಗೆ ಇಡೀ ದೇಶದ ನಾಟಕಕ್ಕೆ ಸಂಗೀತ ಅಂದ್ರೆ ಎಂತ ಅಂತ ತೋರಿಸಿದವರು. ಕಲ್ಲು, ಡಬ್ಬ, ಕೋಲು ಯಾವುದರಿಂದ ಬೇಕಾದ್ರೂ ಸ್ವರ ತೆಗೀತಿದ್ರು. ಅವರ ರಂಗಗೀತೆಗಳನ್ನು ಹಾಡಿ ಅಭ್ಯಾಸ ಮಾಡಿದ್ರೆ ಹಾಡು ಮತ್ತೆ ಮಾತಿನ ನಡುವಿನ ಗೋಡೆ ಎಷ್ಟು ತೆಳು ಅಂತ ಗೊತ್ತಾಗ್ತದೆ.

ಒಂದು ಪೂರ್ತಿ ವೃತ್ತಿ ಹೇಗಿರ್ತದೆ ಅಂತ ನೋಡ್ಲಿಕ್ಕೆ ಬಿ. ಜಯಶ್ರೀಯವರದ್ದು ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ಚಿಕ್ಕ ಮಗುವಾಗಿದ್ದಾಗಲೇ ಸ್ಟೇಜ್ ಹತ್ತಿದವರು, ಆದ್ರೂ ದಿಲ್ಲಿಗೆ ಹೋಗಿ ಎನ್.ಎಸ್.ಡಿ.ಯಲ್ಲಿ ಕಲಿತು 1973ರಲ್ಲಿ ಮುಗಿಸಿದ್ರು, ಸ್ಪಂದನ ಅಂತ ತಮ್ಮದೇ ತಂಡ ನಡೆಸಿದ್ರು, ನಿರ್ದೇಶನ ಮಾಡಿದ್ರು, ಸಿನಿಮಾದಲ್ಲಿ ಬೇರೆ ನಟಿಯರಿಗೆ ಕಂಠದಾನ ಮಾಡಿದ್ರು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆ, 2013ರಲ್ಲಿ ಪದ್ಮಶ್ರೀ. ನಾನು ಹುಡುಗೀರಿಗೆ ತೋರಿಸುದು ಪ್ರಶಸ್ತಿಯನ್ನಲ್ಲ, ಆ ನಡುವಿನದ್ದನ್ನು. ಬರೀ ಪಾತ್ರಕ್ಕೆ ಕಾದು ಕೂತಿದ್ರೆ ಅವರಿಗೂ ಹೊಟ್ಟೆ ತುಂಬ್ತಿರಲಿಲ್ಲ, ಸ್ವರ ಒಂದನ್ನೇ ಹತ್ತು ಕೆಲಸಕ್ಕೆ ಹಚ್ಚಿದ್ರು.

ದುಡ್ಡಿನ ಮಾತು ಬಂತಲ್ಲ, ಸ್ಪಷ್ಟ ಹೇಳ್ತೇನೆ, ನಮ್ಮ ಕಡೆ ಬರೀ ನಾಟಕದಿಂದ ಮನೆ ನಡೆಸುದು ಕಷ್ಟ. ಶಾಲೆಯಲ್ಲಿ ನಾಟಕ ಹಾಡು ಕಲಿಸುದು, ಡಬ್ಬಿಂಗ್, ಆಕಾಶವಾಣಿ ನಾಟಕ, ತುಳು ಕೊಂಕಣಿ ಸ್ಟೇಜು, ಮಕ್ಕಳ ಶಿಬಿರ, ಎಲ್ಲ ಸೇರಿದ್ರೆ ಆಗ್ತದೆ. ವಾರ್ಷಿಕೋತ್ಸವದ ಡಿಸೆಂಬರ್ ಜನವರಿಯಲ್ಲಿ ಒಳ್ಳೆ ಕೆಲಸ ಇರ್ತದೆ. ಸಂಭಾವನೆ ಎಷ್ಟು, ಯಾವಾಗ, ಹೋಗಿ ಬರುವ ಖರ್ಚು ಯಾರದ್ದು ಅಂತ ಮೊದ್ಲೇ ಮೆಸೇಜಲ್ಲಿ ಬರೆಸಿಕೊಳ್ಳಿ, ನನಗೆ ಒಬ್ಬ ಸಂಘಟಕರು ಮೂರು ಶೋ ಮಾಡಿಸಿ ಒಂದು ಹಾರ ಹಾಕಿ ಕಳ್ಸಿದ್ದುಂಟು, ಕೇಳ್ಲಿಕ್ಕೆ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ರಾತ್ರಿ ವಾಪಸ್ ಬರುವ ವ್ಯವಸ್ಥೆಯೂ ಹಾಗೆಯೇ, ಮಂಗಳೂರಲ್ಲಿ ತಾಲೀಮು ಮುಗಿದು ಉಡುಪಿಗೆ ಕೊನೆಯ ಬಸ್ಸು ತಪ್ಪಿದ್ರೆ ಎಂತ ಅಂತ ತಂಡದವರು ಮೊದಲ ದಿನವೇ ಉತ್ತರ ಹೇಳ್ಬೇಕು. ಹೇಳದ ತಂಡಕ್ಕೆ ಹೋಗ್ಬೇಡಿ, ಎಷ್ಟೇ ದೊಡ್ಡ ಹೆಸರಿದ್ರೂ.

18ರಿಂದ 25 ವರ್ಷದವರಿಗೆ ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ಉಂಟು, ತಿಂಗಳಿಗೆ 5,000 ರೂಪಾಯಿ ಎರಡು ವರ್ಷ, ನಾಟಕದವರಿಗೂ ಸಿಗ್ತದೆ, ಸಿ.ಸಿ.ಆರ್.ಟಿ. ಅನ್ನುವ ಕೇಂದ್ರದ ಸಾಂಸ್ಕೃತಿಕ ತರಬೇತಿ ಸಂಸ್ಥೆಯ ಮೂಲಕ ಅರ್ಜಿ. ನಮ್ಮ ಕಡೆಯ ಮಕ್ಕಳು ಹಾಕುದೇ ಇಲ್ಲ. 40ರ ಒಳಗಿನವರಿಗೆ ಸಂಗೀತ ನಾಟಕ ಅಕಾಡೆಮಿಯ ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರ, ರಾಜ್ಯದಲ್ಲಿ ಕರ್ನಾಟಕ ನಾಟಕ ಅಕಾಡೆಮಿಯ ಪ್ರಶಸ್ತಿಗಳು. ಇದಕ್ಕೆಲ್ಲ ನೀವು ಮಾಡಿದ ಕೆಲಸದ ದಾಖಲೆ ಬೇಕು, ಆದ್ರಿಂದ ಮೊದಲ ನಾಟಕದಿಂದಲೇ ಒಂದು ಫೈಲ್ ಇಡಿ, ಆಮಂತ್ರಣ ಪತ್ರಿಕೆ, ಪೇಪರ್ ಕಟಿಂಗ್, ತಾರೀಕು, ಊರು, ನಿರ್ದೇಶಕರ ಹೆಸರು, ಹಾಡಿದ ಒಂದು ಒಳ್ಳೆ ವೀಡಿಯೊ. ನನ್ನ ಮೊದಲ ಎಂಟು ವರ್ಷದ್ದು ಒಂದೂ ಇಲ್ಲ, ಇದ್ದದ್ದೂ ಮಳೆಗಾಲದ ಥಂಡಿಗೆ ಬೂಸ್ಟು ಹಿಡಿದು ಹೋಯ್ತು, ಹಾಗಾಗಿ ಫೋನಲ್ಲೂ ಫೋಟೋ ತೆಗೆದಿಡಿ.

ಉಡುಪಿಯ ರಂಗಭೂಮಿ ಸಂಸ್ಥೆ ರಾಜ್ಯ ಮಟ್ಟದ ಕನ್ನಡ ನಾಟಕ ಸ್ಪರ್ಧೆ ನಡೆಸ್ತದಲ್ಲ, ಆ ದಿನಗಳಲ್ಲಿ ದಿನಾ ಸಂಜೆ ಹೋಗಿ ಕೂತು ನೋಡಿ, ಬೇರೆ ಬೇರೆ ಊರಿನ ತಂಡ ಬರ್ತದೆ, ಯಾರು ಹಾಡುವಾಗ ಪಾತ್ರ ಬಿಟ್ರು ಯಾರು ಬಿಡಲಿಲ್ಲ ಅಂತ ನೋಟ್ ಪುಸ್ತಕದಲ್ಲಿ ಬರೀರಿ. ತಂಡಗಳ ತಾಲೀಮು ಹೆಚ್ಚಾಗಿ ಶುರುವಾಗುದು ಮಳೆಗಾಲದಲ್ಲಿ, ಈಗಲೇ ಹತ್ತಿರದ ತಂಡದವರನ್ನು ವಿಚಾರಿಸಿ. ಮೊದಲ ದಿನ ಹೋಗುವಾಗ ಯಾವುದಾದ್ರೂ ಒಂದು ಹಾಡಿನ ಎಂಟು ಸಾಲು ರೆಡಿ ಇಟ್ಕೊಳ್ಳಿ, ಹಾಡು ಅಂದ ಕೂಡ್ಲೆ ಹಾಡ್ಬೇಡಿ, ಮೊದ್ಲು ಅರ್ಥ ಹೇಳ್ತೇನೆ ಆಗ್ಬಹುದಾ ಸರ್ ಅಂತ ಕೇಳಿ.